ಒಂಬತ್ತನೆಯ ವಾಕ್ಯ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಹೈಡ್ರೋಜನ್ ಒಲೆ ಬಂದು ಎರಡು ವಾರವೂ ಆಗಿರಲಿಲ್ಲ. ಒಂದು ಸಂಜೆ ಹಾಲಮ್ಮ ರೊಟ್ಟಿ ಬಡಿಯುತ್ತ ಇಂಗ್ಲಿಷಿನಲ್ಲಿ ಪಾಠ ಒಪ್ಪಿಸುತ್ತಿದ್ದಳು. ಒಂದು ರೊಟ್ಟಿಗೆ ಒಂದು ವಾಕ್ಯ. "ಹೈಡ್ರೋಜನ್ ಈಸ್ ಎ ಗ್ಯಾಸ್. ಇಟ್ ಈಸ್ ವೆರಿ ಲೈಟ್. ಇಟ್ ಮೇಕ್ಸ್ ನೋ ಸ್ಮೋಕ್." ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತು ವರ್ಷ ಭಟ್ಟಿಯ ಹೊಗೆ ಕುಡಿದು, ನಲವತ್ತೇಳನೆಯ ವಯಸ್ಸಿಗೆ ಇಂಗ್ಲಿಷ್ ಬಾಯಿಗೆ ಬಂದ ಹೆಂಗಸಿನ ಜಂಬ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಆ ಹೊತ್ತು ಅವಳ ಅಡುಗೆಮನೆಗೆ ಹೋಗಬೇಕಿತ್ತು.

ಬಾಗಿಲಿಗೆ ಒರಗಿ ಕೂತಿದ್ದ ತಂಗಿ ನೀಲಾಂಬಿಕಾ ಕೇಳಿ ಕೇಳಿ ನಗುತ್ತಿದ್ದಳು. ಅವಳಿಗೂ ಒಳಗೊಳಗೇ ಜಂಬ. ಆ ಪಾಠ ಬರೆದವಳು ಅವಳೇ. ಅವ್ವ ತೀರಿಕೊಂಡಾಗ ನೀಲಾಂಬಿಕಾಳಿಗೆ ಐದು ವರ್ಷ. ಹಾಲಮ್ಮ ಅವಳನ್ನು ಭಟ್ಟಿಯ ಮೂಲೆಯ ಗೋಣಿಚೀಲದ ಮೇಲೆ ಕೂರಿಸಿಕೊಂಡೇ ಸಾಕಿದಳು, ಅಲ್ಲೇ ಮಗ್ಗಿ ಕಲಿಸಿದಳು, ಎಂ.ಎ. ಮುಗಿಯುವ ತನಕ ಓದಿಸಿದಳು. ತಾನು ಮದುವೆಯ ಮಾತೇ ಎತ್ತಲಿಲ್ಲ. ಈಗ ಆ ತಂಗಿ ಬೈಪಾಸ್ ರಸ್ತೆಯ ಪಾಠಸಂಸ್ಥೆಯಲ್ಲಿ ಹೊಸ ಸಂಶೋಧನೆ, ಹೊಸ ಯಂತ್ರಗಳ ಬಗ್ಗೆ ಇಂಗ್ಲಿಷ್ ಕಲಿಯುವವರಿಗೆ ಸರಳ ಪಾಠ ಬರೆಯುತ್ತಾಳೆ.

ಪಾಠ ಕೇಳುವುದು ಹಣೆಗೆ ಒಂದು ಪಟ್ಟಿ ಕಟ್ಟಿಕೊಂಡು. ಮೂರು ಬೆರಳಗಲದ ಬಟ್ಟೆಯ ಪಟ್ಟಿ. ಅದರೊಳಗಿನ ಸಾಸಿವೆಕಾಳಿನಷ್ಟು ದೀಪಗಳು ಚರ್ಮ, ಮೂಳೆ ದಾಟಿ ಮಿದುಳಿನ ಮುಂಭಾಗದಲ್ಲಿ ರಕ್ತ ಹೇಗೆ ಏರಿಳಿಯುತ್ತದೆ ಎಂದು ನೋಡುತ್ತಿರುತ್ತವೆ. ಕಿವಿಗೆ ಬಿದ್ದ ವಾಕ್ಯ ಸಲೀಸಾಗಿ ತಲೆಗೆ ಇಳಿದರೆ ಹಸಿರು, ತಲೆ ತಿಣುಕಿದರೆ ಕೆಂಪು. ಕೆಂಪು ತಂದ ವಾಕ್ಯವನ್ನು ಯಂತ್ರ ಸುಲಭ ಮಾಡಿ ಮತ್ತೆ ಹೇಳುತ್ತದೆ. ಆಗಲೂ ಕೆಂಪೇ ಆದರೆ ಬಿಟ್ಟು ಮುಂದೆ ಹೋಗುತ್ತದೆ. ಹೀಗೆ ಸಾವಿರಾರು ಜನ ಕೇಳಿದ ಮೇಲೆ ತಿಣುಕಿಸುವ ವಾಕ್ಯಗಳೆಲ್ಲ ತಾವಾಗಿ ಉದುರಿಹೋಗಿ ಪಾಠ ನುಣ್ಣಗಾಗುತ್ತದೆ. ಇಂಗ್ಲಿಷ್ ಕಷ್ಟ ಎನ್ನುವವರು ಊರಿನಲ್ಲಿ ಉಳಿಯಲಿಲ್ಲ. ಸರ್ಕಾರವೂ ಮೆಚ್ಚಿ ಒಂದು ನಿಯಮ ಮಾಡಿತು: ಹೊಸ ಯಂತ್ರ ಮುಟ್ಟುವವರು ಆ ಯಂತ್ರದ ಇಂಗ್ಲಿಷ್ ಪಾಠದಲ್ಲಿ ಪಾಸಾಗಿರಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ಪಟ್ಟಿ ಕಟ್ಟಿಸಿಕೊಂಡು ಹಸಿರು ತೋರಿಸಬೇಕು.

ಹಾಲಮ್ಮ ಎಂಟನೆಯ ವಾಕ್ಯ ಮುಗಿಸಿ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳು. ಆಮೇಲೆ ಅವಳ ಬಾಯಿಂದ ಬಂದಿದ್ದು ಹತ್ತನೆಯ ವಾಕ್ಯ.

"ಒಂದು ಬಿಟ್ಟೆ ಅಕ್ಕ," ಎಂದಳು ನೀಲಾಂಬಿಕಾ.

"ನಾನು ಬಿಡೋದಾ? ನೂರಕ್ಕೆ ತೊಂಬತ್ತಾರು ಬಂದೈತೆ ನಂಗೆ. ಯಾವುದು ಬಿಟ್ಟೆ ಹೇಳು ನೋಡಾನ."

"ಹಗಲು ಬೆಳಕಲ್ಲಿ ಈ ಬೆಂಕಿ ಕಣ್ಣಿಗೆ ಕಾಣಲ್ಲ. ಅದು ಒಂಬತ್ತನೇದು."

ಹಾಲಮ್ಮನ ಕೈ ಹಿಟ್ಟಿನ ಮೇಲೇ ನಿಂತಿತು. "ಅಂಥದ್ದು ಪಾಠದಾಗೆ ಇಲ್ಲವೇ ಇಲ್ಲ ಕಣೆ. ಕಾಣಂಗಿಲ್ಲ ಅಂದ್ರೆ ಹೆಂಗೆ? ದಿನಾ ನೋಡ್ತೀನಲ್ಲ, ಒಳ್ಳೆ ಹಳದೀಗೆ ಉರೀತೈತೆ."

ನೀಲಾಂಬಿಕಾ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಹೊಳೆಯಿತು. ಮಂಡಕ್ಕಿಗೆ ಅಕ್ಕಿಯನ್ನು ಉಪ್ಪುನೀರಿನಲ್ಲಿ ಕಲಸಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಭಟ್ಟಿಯ ಗಾಳಿಯಲ್ಲೆಲ್ಲ ಉಪ್ಪಿನ ಪುಡಿ. ಬೆಂಕಿಗೆ ಚಿಟಿಕೆ ಉಪ್ಪು ಬಿದ್ದರೂ ಉರಿ ಹಳದಿಯಾಗುತ್ತದೆ. ಇವರು ನೋಡುತ್ತಿರುವುದು ಉಪ್ಪಿನ ಬಣ್ಣ, ಹೈಡ್ರೋಜನ್ನಿನದಲ್ಲ.

"ಅದು ಉಪ್ಪಿನ ಬಣ್ಣ ಅಕ್ಕ. ಉಪ್ಪು ಬೀಳದಿದ್ರೆ ಏನೂ ಕಾಣಲ್ಲ. ಹತ್ತಿರ ಹೋದ್ರೆ ಝಳನೂ ಅಷ್ಟಾಗಿ ತಟ್ಟಲ್ಲ, ಒಳಗೆ ಕೈ ಹೋದಾಗಲೇ ಗೊತ್ತಾಗೋದು."

"ಉಪ್ಪು ಬೀಳದ ದಿನ ಯಾವುದೈತೆ ಭಟ್ಯಾಗೆ? ಅಮಾಸೆಗೊಂದು ರಜಾ, ಅವತ್ತು ಒಲೆ ತೊಳೆದು ಪೂಜೆ ಮಾಡ್ತೀವಿ, ಅಷ್ಟೇಯ."

ಹಾಗೆಂದು ಹಾಲಮ್ಮ ರೊಟ್ಟಿ ಮಗುಚಿದಳು. ನೀಲಾಂಬಿಕಾ ಗೋಡೆಯ ಕ್ಯಾಲೆಂಡರ್ ನೋಡಿದಳು. ಹಿಂದಿನ ಅಮಾವಾಸ್ಯೆಯ ಮರುದಿನ ಒಲೆ ಕೂರಿಸಿದ್ದು. ಮುಂದಿನ ಅಮಾವಾಸ್ಯೆಗೆ ಹದಿನಾರು ದಿನ ಉಳಿದಿತ್ತು. ಅವಳಿಗೆ ಆ ರೊಟ್ಟಿ ಸೇರಲಿಲ್ಲ.

ಮರುದಿನ ಬೆಳಗ್ಗೆ ಅವಳು ನೆಟ್ಟಗೆ ಹೋಗಿದ್ದು ಸಂಸ್ಥೆಯ ನಿಯಂತ್ರಣ ಕೊಠಡಿಗೆ. ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ಫಾಲಾಕ್ಷಯ್ಯ ಅಲ್ಲಿ ಕುರ್ಚಿಯ ಮೇಲೆ ಒಂದು ಕಾಲು ಮಡಚಿಕೊಂಡು ಕೂತು ಅವಲಕ್ಕಿ ತಿನ್ನುತ್ತಿದ್ದರು. ಒಳ್ಳೆಯ ಮನುಷ್ಯ. ತಂದೆ ಇಂಗ್ಲಿಷ್ ಬಾರದ್ದಕ್ಕೆ ಕಚೇರಿಯೊಂದರಲ್ಲಿ ಮರ್ಯಾದೆ ಕಳೆದುಕೊಂಡದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡು, ಆ ಸಂಕಟದಲ್ಲೇ ಪಟ್ಟಿಯನ್ನು ಮಾಡಿದವರು. ಕೆಟ್ಟವರಾಗಿದ್ದರೆ ನೀಲಾಂಬಿಕಾಳ ಕೆಲಸ ಸುಲಭವಾಗುತ್ತಿತ್ತು, ಜಗಳವಾಡಿ ಹೊರಗೆ ಬರಬಹುದಿತ್ತು.

ಒಂಬತ್ತನೆಯ ವಾಕ್ಯದ ಗತಿ ಪರದೆಯ ಮೇಲೆ ಬಂತು. ಆ ಪಾಠವನ್ನು ಮೊದಲು ಕೇಳಿದವರು ಬೇಕರಿಯವರು, ಹೋಟೆಲಿನವರು. ಒಂಬತ್ತು ಸಾವಿರ ಜನ. ಉದ್ದಕ್ಕೂ ಕೆಂಪು.

"ಕಷ್ಟದ ವಾಕ್ಯ ಇರಬೇಕು," ಎಂದರು ಫಾಲಾಕ್ಷಯ್ಯ.

"ಅದರಲ್ಲಿರೋ ಒಂದೊಂದು ಪದವೂ ಮೊದಲನೇ ವಾರದ ಪಾಠದ್ದೇ ಸರ್. ಬೆಂಕಿ, ಹಗಲು, ಕಾಣು. ಇದರಲ್ಲಿ ಕಷ್ಟ ಏನಿದೆ?"

ಅವರು ಅವಲಕ್ಕಿಯ ತಟ್ಟೆ ಕೆಳಗಿಟ್ಟರು. ಬೆರಳಿಟ್ಟು ಆ ಕೆಂಪು ಗೆರೆಯನ್ನು ಕೊನೆಯ ತನಕ ನೋಡಿಕೊಂಡು ಹೋದರು. "ತಲೆಗೆ ಭಾರ ಆಯ್ತು ಅನ್ನೋದು ಮಾತ್ರ ಪಟ್ಟಿಗೆ ಗೊತ್ತಾಗೋದು ಕಣಮ್ಮ. ಯಾಕೆ ಭಾರ ಆಯ್ತು ಅನ್ನೋದು ಗೊತ್ತಾಗಲ್ಲ."

"ಅಂದ್ರೆ ಅವರಿಗೆ ಅರ್ಥ ಆಗದೆ ಅಲ್ಲ."

"ಅಲ್ಲ. ಅರ್ಥ ಆಗಿದೆ. ಹೆದರಿದ್ದಾರೆ. ಹೆದರಿಕೆನೂ ಭಾರವೇ ಅಲ್ವಾ."

ಹಾಗೆ ಹೆದರಿದವರ ತಲೆಯಲ್ಲಿ ವಾಕ್ಯ ಉಳಿದಿರಬೇಕಲ್ಲ ಎಂದು ಅವಳು ಕೇಳಿದಳು. ಉಳಿಯುವುದಿಲ್ಲ ಎಂದರು ಅವರು. ಮೊದಲ ಸಲ ಕೇಳಿದಾಗ ಅದು ಅರೆಕ್ಷಣದ ಬೆಚ್ಚು. ಯಂತ್ರ ಕೂಡಲೇ ಅದನ್ನು ತೆಗೆದು, ಮಿಕ್ಕಿದ್ದನ್ನು ನಲವತ್ತು ಸಲ ಹಿತವಾಗಿ ಕೇಳಿಸುತ್ತದೆ. ಒಂದು ಸಲದ್ದು ಅಳಿಸಿಹೋಗುತ್ತದೆ. ಈಚೆಗೆ ಪಾಠ ಕೇಳಿದ ಭಟ್ಟಿಯವರಿಗಂತೂ ಆ ವಾಕ್ಯ ಒಂದು ಸಲವೂ ಕಿವಿಗೆ ಬಿದ್ದಿಲ್ಲ.

ನೀಲಾಂಬಿಕಾ ತಾನು ಬರೆದ ಬೇರೆ ಪಾಠಗಳಿಂದ ಉದುರಿದ ವಾಕ್ಯಗಳನ್ನು ಕೇಳಿ ತರಿಸಿಕೊಂಡಳು. ಬಸುರಿಯರು ಈ ಮಾತ್ರೆ ನುಂಗಬಾರದು. ಮಳೆಯಲ್ಲಿ ಈ ಬ್ಯಾಟರಿ ಬಿಚ್ಚಬಾರದು. ಇದರಿಂದ ಮುಂದೆ ಏನಾಗುತ್ತದೆ ಎಂದು ವಿಜ್ಞಾನಿಗಳಿಗೆ ಇನ್ನೂ ಗೊತ್ತಿಲ್ಲ. ಎಚ್ಚರಿಕೆಯ ಮಾತುಗಳನ್ನೆಲ್ಲ ಜರಡಿ ಹಿಡಿದ ಹಾಗೆ ಆರಿಸಿ ಹೊರಗೆ ಹಾಕಲಾಗಿತ್ತು. ನುಣ್ಣಗಾದ ಪ್ರತಿಯೊಂದು ಪಾಠದ ಕೆಳಗೂ ಅವಳ ಸಹಿಯಿತ್ತು. ಸಹಿ ಹಾಕುವಾಗ ಅವಳು ಇದ್ದ ವಾಕ್ಯಗಳ ಕಾಗುಣಿತ ನೋಡುತ್ತಿದ್ದಳೇ ಹೊರತು ಯಾವುದು ಇಲ್ಲ ಎಂದು ಯಾವತ್ತೂ ನೋಡಿರಲಿಲ್ಲ. 

"ವಾಕ್ಯಕ್ಕೆ ಬೀಗ ಹಾಕಬಹುದು," ಎಂದರು ಫಾಲಾಕ್ಷಯ್ಯ. "ಎಷ್ಟೇ ಕೆಂಪಾದರೂ ಯಂತ್ರ ಅದನ್ನ ತೆಗೆಯೋದಿಲ್ಲ. ಆದರೆ ರಾಜ್ಯಕ್ಕೆಲ್ಲ ಒಂದೇ ಸಲ ಬೇಡ. ಬೇಕರಿ ಒಲೆಗಳು ಮುಚ್ಚಿದ ಪೆಟ್ಟಿಗೆ, ಅಷ್ಟು ಅಪಾಯ ಇಲ್ಲ. ತೆರೆದ ಒಲೆ ಇರೋ ಒಂದು ಜಾಗದಲ್ಲಿ ನೋಡೋಣ. ಎಲ್ಲಿ ಮಾಡೋಣ?"

ಅವಳು ಯೋಚಿಸಲೇ ಇಲ್ಲ. "ನಮ್ಮಕ್ಕನ ಭಟ್ಟಿ ಸರ್," ಎಂದಳು.

ಆ ಭಟ್ಟಿಯಲ್ಲಿ ಒಲೆ ಕಾಯುವವರು ನಲವತ್ತೆರಡು ಹೆಂಗಸರು. ಬೀಗ ಹಾಕಿದ ಪಾಠ ಕೇಳಿಸಿದ್ದು ಒಂದು ಸೋಮವಾರ. ನೀಲಾಂಬಿಕಾ ನಿಯಂತ್ರಣ ಕೊಠಡಿಯಲ್ಲಿ ನಿಂತು ನೋಡುತ್ತಿದ್ದಳು. ಎಂಟನೆಯ ವಾಕ್ಯದ ತನಕ ಪರದೆ ಹಸಿರು ಗದ್ದೆಯ ಹಾಗಿತ್ತು. ಒಂಬತ್ತಕ್ಕೆ ಕೆಂಪಾಯಿತು. ಹತ್ತು, ಹನ್ನೊಂದು, ಹನ್ನೆರಡು, ಯಾವುದಕ್ಕೂ ಹಸಿರು ವಾಪಸ್ ಬರಲಿಲ್ಲ. ಪಟ್ಟಿ ಕಟ್ಟಿಕೊಂಡು ಕೇಳಿದ್ದೆಲ್ಲ ಪರೀಕ್ಷೆಯ ಲೆಕ್ಕಕ್ಕೇ ಸೇರುತ್ತದೆ. ಮೂವತ್ತನಾಲ್ಕು ಜನ ಫೇಲಾದರು. ಅವರಲ್ಲಿ ಹಾಲಮ್ಮ ಒಬ್ಬಳು.

ಫೇಲಾದವರು ಒಲೆಯ ಹತ್ತಿರ ನಿಲ್ಲುವ ಹಾಗಿಲ್ಲ. ನಿಯಮ ನಿಯಮವೇ. ಭಟ್ಟಿಯ ಸಾವುಕಾರರು ಕೈ ಮುಗಿದು, ನನ್ನದೇನೂ ಇಲ್ಲ ತಾಯಂದಿರಾ, ಸರ್ಕಾರದ ಕಾಗದ ಎಂದು ಮೂವತ್ತನಾಲ್ಕು ಜನರನ್ನೂ ಅದೇ ಮಧ್ಯಾಹ್ನ ಮನೆಗೆ ಕಳಿಸಿದರು.

ನೀಲಾಂಬಿಕಾ ಫಾಲಾಕ್ಷಯ್ಯನವರ ಕಾಲು ಹಿಡಿಯುವುದೊಂದು ಬಾಕಿ. ಹಳೆಯ ಪಾಠವನ್ನೇ ಇನ್ನೊಂದು ಸಲ ಇವರಿಗೆ ಕೇಳಿಸಿ, ಪಾಸು ಮಾಡಿಬಿಡಿ ಸರ್, ಎಚ್ಚರಿಕೆ ಹೇಗೂ ಗೊತ್ತಾಗಿದೆಯಲ್ಲ ಎಂದಳು. ಅವರು ಒಪ್ಪಿದರು. ಗುರುವಾರ ಹೆಂಗಸರು ಮತ್ತೆ ಪಟ್ಟಿ ಕಟ್ಟಿಕೊಂಡರು. ಈ ಸಲ ಮೊದಲನೆಯ ವಾಕ್ಯಕ್ಕೇ ಕೆಂಪು. ಹೈಡ್ರೋಜನ್ ಒಂದು ಅನಿಲ ಎನ್ನುವಷ್ಟರಲ್ಲಿ ಮೂವತ್ತನಾಲ್ಕು ತಲೆಗಳಿಗೆ ಕಾಣದ ಬೆಂಕಿ ನೆನಪಾಗಿತ್ತು.

"ಇನ್ನು ಆಗಲ್ಲಮ್ಮ," ಎಂದರು ಫಾಲಾಕ್ಷಯ್ಯ ಕನ್ನಡಕ ಒರೆಸುತ್ತ. "ವಾಕ್ಯ ಪಾಠದಿಂದ ತೆಗೀಬಹುದು. ತಲೆಯಿಂದ ಹೇಗೆ ತೆಗೆಯೋದು? ಆ ಒಲೆ ಅಂದಾಗೆಲ್ಲ ಅವರಿಗೆ ಕೆಂಪೇ."

ಆ ದಿನ ಮನೆಯಲ್ಲಿ ಹಾಲಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತ, ತಲೆಯೆತ್ತದೆ ಮಾತಾಡಿದಳು. "ಮೂವತ್ತು ವರ್ಷ ಬೆಂಕಿ ಮುಂದೆ ನಿಂತೀನಿ. ಬೆಂಕಿಗೆ ಹೆದರಿಕ್ಯಂಡು ಇದ್ದಿದ್ದಕ್ಕೇ ಮೈ ಸುಟ್ಕಣದೆ ಉಳಿದೀನಿ. ಹೆದರಿದೋರು ಫೇಲು ಅಂತೀರಲ್ಲ ತಂಗಿ, ಹೆದರದೇ ಇರೋರಿಗೆ ಬೆಂಕಿ ಕೈಗೆ ಕೊಡ್ತೀರಾ?"

"ತಪ್ಪಾಯ್ತು ಅಕ್ಕ."

"ಹೇಳಿದ್ದು ತಪ್ಪಲ್ಲ." ಹಾಲಮ್ಮ ಒಂದು ಕಲ್ಲು ಹೆಕ್ಕಿ ಎಸೆದಳು. "ಆದ್ರೂ ನಂಗೆ ನಿನ್ನ ಮುಖ ನೋಡಾಕೆ ಆಗವಲ್ದು ಇವತ್ತು. ಒಳಗೆ ಹೋಗು."

ನೀಲಾಂಬಿಕಾ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ತನ್ನನ್ನು ಸಾಕಿದ ಕೈಗಳಿಗೆ ಕೆಲಸವಿಲ್ಲದ ಹಾಗೆ ಮಾಡಿದ್ದು ತಾನೇ.

ಸಾವುಕಾರರು ಸುಮ್ಮನಿರುತ್ತಾರೆಯೇ. ಹರಿಹರದ ಕಡೆಯಿಂದ ಮೂವತ್ತನಾಲ್ಕು ಜನರನ್ನು ಕರೆಸಿಕೊಂಡರು. ಎಲ್ಲರೂ ನುಣ್ಣನೆಯ ಪಾಠ ಕೇಳಿ ಎಂದೋ ಪಾಸಾದವರು. ಹಾಲಮ್ಮ ದಿನಾ ಭಟ್ಟಿಯ ಗೇಟಿನ ಹತ್ತಿರ ಹೋಗಿ ಒಳಗೆ ಹೋಗುವವರನ್ನು ತಡೆದು ಹೇಳಿ ನೋಡಿದಳು. ಕೆಲಸ ಕಳೆದುಕೊಂಡ ಹೊಟ್ಟೆಕಿಚ್ಚಿಗೆ ಹೇಳುತ್ತಾಳೆ ಎಂದು ಅವರು ನಕ್ಕು ಒಳಗೆ ಹೋದರು. ಅವರ ಕಣ್ಣೆದುರಿಗೇ ಉರಿ ಹಳದಿಯಾಗಿ ಕಾಣುತ್ತಿರುವಾಗ ಯಾರು ನಂಬುತ್ತಾರೆ. ಹೊಗೆ ಇಲ್ಲವಾದ್ದರಿಂದ ಸಾವುಕಾರರು ಭಟ್ಟಿಯ ಗೋಡೆಗೆ ಸುಣ್ಣ ಹೊಡೆಸಿ, ಚಾವಣಿಯ ಹಂಚು ತೆಗೆಸಿ, ಬೆಳಕು ಬೀಳುವ ಗಾಜಿನ ಶೀಟು ಹಾಕಿಸಿದ್ದರು. ಬೆಳಗಿನ ಬಿಸಿಲು ಒಲೆಗಳ ಮೇಲೇ ಸುರಿಯುತ್ತಿತ್ತು. ಒಲೆ ಉರಿಯುತ್ತಿದೆ ಎಂದು ತೋರಿಸುವ ಸಣ್ಣ ದೀಪವೊಂದು ಕೆಳಗಿತ್ತು. ಎರಡೇ ದಿನಕ್ಕೆ ಅದರ ಮೇಲೆ ತೌಡಿನ ದೂಳು ಕೂತಿತ್ತು.

ಅಮಾವಾಸ್ಯೆಯ ಮರುದಿನ ಬೆಳಗ್ಗೆ ಹಾಲಮ್ಮ ಎದ್ದವಳೇ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಟಳು. "ನಿನ್ನೆ ಒಲೆ ತೊಳೆದಿರ್ತಾರೆ, ಉಪ್ಪು ಇರಂಗಿಲ್ಲ," ಎಂದಳು, ಅಷ್ಟೇ. ನೀಲಾಂಬಿಕಾ ಚಪ್ಪಲಿ ಸಿಕ್ಕಿಸಿಕೊಂಡು ಹಿಂದೆಯೇ ಓಡಿದಳು. ಎಂಟು ಗಂಟೆಯ ಬಿಸಿಲು. ಪಕ್ಕದ ಅಕ್ಕಿ ಗಿರಣಿ ಭರ್ರೋ ಎನ್ನುತ್ತಿತ್ತು, ಅದರ ಸದ್ದಿನಲ್ಲಿ ಬೇರೇನೂ ಕೇಳುವ ಹಾಗಿರಲಿಲ್ಲ.

ಭಟ್ಟಿಯ ಒಲೆಗಳನ್ನೆಲ್ಲ ಮೂಲೆಯ ಒಂದೇ ಚಕ್ರ ತಿರುಗಿಸಿ ಹಚ್ಚುತ್ತಾರೆ. ಮೇಸ್ತ್ರಿ ಆಗಲೇ ತಿರುಗಿಸಿ ಚಹಾಕ್ಕೆ ಹೋಗಿದ್ದ. ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟ ಒಲೆಗಳು ತಣ್ಣಗೆ ಕೂತ ಹಾಗೆ ಕಾಣುತ್ತಿದ್ದವು. ಕೆಳಗಿನ ಸಣ್ಣ ದೀಪವನ್ನೂ ಕುಂಕುಮ, ಹೂವು ಮುಚ್ಚಿತ್ತು. ಮೂರನೆಯ ಒಲೆಯ ಮುಂದೆ ಹರಿಹರದ ಕೆಂಚಮ್ಮ ಎಂಬಾಕೆ ಬಾಣಲೆ ಕೂರಿಸಲು ಬಗ್ಗುತ್ತಿದ್ದಳು. ಹೆಗಲಿನ ಸೆರಗು ಜಾರಿ ಒಲೆಯ ಬಾಯಿಯ ಕಡೆ ಇಳಿಯುತ್ತಿತ್ತು.

ಹಾಲಮ್ಮ ಕಾವಲುಗಾರನನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಓಡಿದ ರಭಸಕ್ಕೆ ಕೆಂಚಮ್ಮನನ್ನು ಪಕ್ಕಕ್ಕೆ ನೂಕಿದಳು. ಕೆಂಚಮ್ಮ ಮುಖ ಅಡಿಯಾಗಿ ಚೀಲಗಳ ಮೇಲೆ ಬಿದ್ದಳು. ಹಾಲಮ್ಮನಿಗೆ ತನ್ನ ಮೈ ತಡೆಯಲಾಗಲಿಲ್ಲ. ಎರಡೂ ಕೈ ಮೊಳಕೈಯ ತನಕ ಒಲೆಯ ಬಾಯಿಯ ಮೇಲೆ ಚಾಚಿದವು.

ಅಲ್ಲಿ ಏನೂ ಇರಲಿಲ್ಲ, ಬಿಸಿಲು ಮಾತ್ರ ಇತ್ತು. ಆ ಬಿಸಿಲಿನಲ್ಲಿ ಅಕ್ಕನ ಕೈಗಳ ಸುತ್ತ ಬೆಂಕಿ ಹಳದಿಯಾಗಿ ಎದ್ದದ್ದನ್ನು ನೀಲಾಂಬಿಕಾ ನೋಡಿದಳು. ಬೆವರಿನಲ್ಲೂ ಉಪ್ಪಿರುತ್ತದೆ.

ತನಿಖೆಯವರ ವರದಿ ಹತ್ತು ದಿನಕ್ಕೆ ಬಂತು. ಸುಟ್ಟ ಗಾಯವಾದವರು ಒಬ್ಬರು, ಪಾಠದಲ್ಲಿ ಎರಡು ಸಲ ಅನುತ್ತೀರ್ಣರು, ಅನುಮತಿಯಿಲ್ಲದೆ ಒಳಗೆ ನುಗ್ಗಿದವರು. ಉತ್ತೀರ್ಣರಲ್ಲಿ ಸುಟ್ಟ ಗಾಯವಾದವರು ಯಾರೂ ಇಲ್ಲ. ಆದ್ದರಿಂದ ಪಾಠ ಸರಿಯಾಗಿಯೇ ಇದೆ, ಒಂಬತ್ತನೆಯ ವಾಕ್ಯ ಕಲಿಯುವವರ ಮನಸ್ಸನ್ನು ಕದಡುವುದು ಈ ಪ್ರಕರಣದಿಂದಲೇ ಸಾಬೀತಾಗಿದೆ, ಅದನ್ನು ಕೈಬಿಡತಕ್ಕದ್ದು. ಫಾಲಾಕ್ಷಯ್ಯ ಆ ಕಾಗದವನ್ನು ತಾವೇ ಆಸ್ಪತ್ರೆಗೆ ತಂದು, ಹೊರಗಿನ ಬೆಂಚಿನ ಮೇಲೆ ಕೂತು ನೀಲಾಂಬಿಕಾಳಿಗೆ ಕೊಟ್ಟರು.

"ಅಂಕಿಅಂಶ ಒಂದೂ ಸುಳ್ಳಲ್ಲ," ಎಂದರು. "ನಾನು ಎರಡು ದಿನ ಕೂತು ತಪ್ಪು ಹುಡುಕಿದೆ. ನಿನ್ನ ಸಹಿ ಕೇಳಿದಾರೆ."

"ಹಾಕಲ್ಲ ಸರ್."

"ಹಾಕಬೇಡ. ಮೂರು ದಿನ ಉತ್ತರ ಬರದಿದ್ರೆ ಒಪ್ಪಿಗೆ ಅಂತ ತಿಳ್ಕೋತಾರೆ." ಅವರು ಮೆಟ್ಟಿಲಿಳಿದು ಹೋದರು. ಒಂದೇ ತಿಂಗಳಲ್ಲಿ ಅವರಿಗೆ ವಯಸ್ಸಾಗಿತ್ತು.

ಹಾಲಮ್ಮನ ಎರಡೂ ಕೈಗಳನ್ನು ಮೊಳಕೈಯ ಮೇಲಿನ ತನಕ ಬಟ್ಟೆ ಸುತ್ತಿ ದಿಂಬಿನ ಮೇಲೆ ಇಟ್ಟಿದ್ದರು. ಬಲಗೈಯಲ್ಲಿ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನೀಲಾಂಬಿಕಾ ಗಂಜಿ ಕುಡಿಸುತ್ತಿದ್ದ ಒಂದು ಮಧ್ಯಾಹ್ನ ಕೆಂಚಮ್ಮ ಬಂದಳು. ಕೈಚೀಲದಲ್ಲಿ ನಾಲ್ಕು ಮೋಸಂಬಿ. ಹಾಸಿಗೆಯ ಕಾಲಿನ ಹತ್ತಿರ ನಿಂತು ಬಟ್ಟೆ ಸುತ್ತಿದ ಕೈಗಳನ್ನು ನೋಡಿದಳು. ಅವಳಿಗೆ ಕೋಪವೂ ಇತ್ತು, ಮರುಕವೂ ಇತ್ತು.

"ನಾನೇನು ಮಾಡಿದ್ದೆ ಅಂತ ನನ್ನ ದಬ್ಬಿದ್ಯವ್ವ?" ಎಂದಳು. "ಒಲೆ ಹಚ್ಚೇ ಇರಲಿಲ್ಲ. ಬಿದ್ದು ನನ್ನ ಹಲ್ಲು ಮುರೀತು. ನಿನ್ನ ಕೈ ಹೆಂಗೆ ಸುಡ್ತು ಅಂತ ಯಾರ್ನ ಕೇಳಿದ್ರೂ ಒಂದೊಂದು ಹೇಳ್ತಾರೆ. ಗ್ಯಾಸು ಸಿಡೀತು ಅಂತಾರೆ, ನೀನೇ ಹಚ್ಚಿಕ್ಯಂಡೆ ಅಂತಾರೆ."

ನೀಲಾಂಬಿಕಾಳ ಕೈಯಲ್ಲಿದ್ದ ಚಮಚ ನಿಂತಿತು. ಗೇಟಿನಲ್ಲಿ ಅಕ್ಕ ಹೇಳಿದ್ದನ್ನು ಈ ಹೆಂಗಸು ಇನ್ನೂ ನಂಬಿಲ್ಲ. ಬಿಡಿಸಿ ಹೇಳದಿದ್ದರೆ ನಾಳೆಯೂ ನಗುನಗುತ್ತ ಒಲೆಯ ಮುಂದೆ ಬಗ್ಗುತ್ತಾಳೆ. ಹೇಳಿದರೆ ಕೆಲಸ ಹೋಗುತ್ತದೆ. ಒಂದು ಸಲ ಹೇಳಿ ಏನಾಯಿತೆಂದು ನೀಲಾಂಬಿಕಾಳೇ ಕಂಡಿದ್ದಳು. ಅವಳು ಅಕ್ಕನ ಕಡೆ ತಿರುಗಿದಳು.

"ಮನ್ಯಾಗೆ ಯಾರ್ಯಾರು ಅದಾರೆ ನಿಂಗೆ?" ಎಂದು ಹಾಲಮ್ಮ ಕೇಳಿದಳು.

"ಅತ್ತೆ, ಎರಡು ಹೆಣ್ಣುಮಕ್ಕಳು. ದುಡಿಯೋಳು ನಾನೊಬ್ಳೇ."

ಹಾಲಮ್ಮ ಕಣ್ಣು ಮುಚ್ಚಿದಳು. ಮತ್ತೆ ತೆರೆದು ತಂಗಿಯ ಕಡೆ ನೋಡಿದಳು. "ಹೇಳು ನೀಲಾ," ಎಂದಳು. "ಕನ್ನಡದಾಗೇ ಹೇಳು."

ನೀಲಾಂಬಿಕಾ ಹೇಳಿದಳು. ಬೆಂಕಿ ಯಾಕೆ ಕಾಣುವುದಿಲ್ಲ, ಉಪ್ಪು ಬಿದ್ದರೆ ಯಾಕೆ ಹಳದಿ, ಅಮಾವಾಸ್ಯೆಯ ಮರುದಿನ ಅವಳ ಸೆರಗು ಎಷ್ಟು ದೂರದಲ್ಲಿತ್ತು, ಎಲ್ಲವನ್ನೂ. ತನ್ನ ಪಾಠದಲ್ಲಿ ಈ ಮಾತು ಇತ್ತು, ಹೇಗೆ ಹೋಯಿತು ಎಂಬುದನ್ನೂ ಹೇಳಿದಳು.  ಕೇಳುತ್ತ ಕೇಳುತ್ತ ಕೆಂಚಮ್ಮನ ಕೈ ತನ್ನ ಸೆರಗಿನ ಅಂಚನ್ನು ಹುಡುಕಿ ಹಿಡಿದುಕೊಂಡಿತು. ಮೋಸಂಬಿಯ ಚೀಲ ಕೆಳಗೆ ಬಿತ್ತು. ಹಣೆಯ ಮೇಲೆ ಬೆವರು ಒಡೆದದ್ದು ನೀಲಾಂಬಿಕಾಳಿಗೆ ಕಂಡಿತು. ಅಲ್ಲಿ ಪಟ್ಟಿ ಇದ್ದಿದ್ದರೆ ಯಾವ ಬಣ್ಣ ತೋರಿಸುತ್ತಿತ್ತು ಎಂದು ಅವಳು ಯೋಚಿಸಬೇಕಾಗಿರಲಿಲ್ಲ.

"ಗುರುವಾರ ನನ್ನ ಮೂರು ತಿಂಗಳಿನ ಪಾಠ ಐತೆ ಮೇಡಮ್ಮೋರೆ," ಎಂದಳು ಕೆಂಚಮ್ಮ ಕೊನೆಗೆ. "ನಾನು ಪಾಸ್ ಆಗ್ತೀನಾ?"

"ಇಲ್ಲಮ್ಮ," ಎಂದಳು ನೀಲಾಂಬಿಕಾ. "ಇನ್ನು ಆಗಲ್ಲ."

ಕೆಂಚಮ್ಮ ಬಗ್ಗಿ ಮೋಸಂಬಿಗಳನ್ನು ಒಂದೊಂದಾಗಿ ಆರಿಸಿ ಮೇಜಿನ ಮೇಲಿಟ್ಟಳು. ಎದ್ದು ನಿಂತು, ಸೆರಗನ್ನು ನಡುವಿಗೆ ಎರಡು ಸುತ್ತು ಬಿಗಿಯಾಗಿ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದಳು. 

"ಗುರುವಾರಕ್ಕೆ ಇನ್ನಾ ಐದು ದಿನ ಐತೆ," ಎಂದಳು. "ಮಧ್ಯಾಹ್ನದ ಪಾಳಿಗೆ ಹೊತ್ತಾತು, ಬರ್ತೀನವ್ವ."